ಮದ್ದಿಲ್ಲದ ಗುಂಡು



ಈ ಸಲ ನಾನು ಹೇಳಿದ ಒಂದು ಸುಳ್ಳಿನ ವಿಷಯವನ್ನು ಬರೆಯಬೇಕಾಗಿದೆ. 1986ರಿಂದ 2018ರವರೆಗೆ ಮೂವತ್ತೆರಡು ವರ್ಷ ತರಗತಿಯಲ್ಲಿ ನಿಂತು, ಮನೆಗೆಲಸ ಮಾಡದೆ ‘ನೋಟ್ ಪುಸ್ತಕ ಮನೆಯಲ್ಲಿ ಮರೆತು ಬಂದೆ ಟೀಚರ್’ ಎಂದು ಸುಳ್ಳಾಡಿದ ನಿಮ್ಮಲ್ಲಿ ಎಷ್ಟೋ ಜನರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಓದಿ ನಗುವವರು ನಗಬಹುದು.

ಮಗಳ ಮನೆ ಇರುವುದು ವೈಟ್‌ಫೀಲ್ಡಿನ ಹೋಪ್‌ಫಾರ್ಮ್ ವೃತ್ತದಿಂದ ಒಳಕ್ಕೆ ಹೋಗುವ ರಸ್ತೆಯೊಂದರಲ್ಲಿ, ಇನ್ನೂರಕ್ಕೂ ಹೆಚ್ಚು ಮನೆಗಳಿರುವ ಅಪಾರ್ಟ್‌ಮೆಂಟಿನ ಏಳನೆಯ ಅಂತಸ್ತಿನಲ್ಲಿ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನೂ ಇಲ್ಲಿಯೇ ಇದ್ದೇನೆ. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಊಟ ಮುಗಿಸಿ ಒರಗಿಕೊಂಡಿದ್ದೆ. ಕೆಳಗಿನ ಗೇಟಿನಿಂದ ಇಂಟರ್‌ಕಾಂ ಬಂದಿತು.

“ಅಮ್ಮಾ, ನಿಮ್ಮ ಮನೆಗೆ ಪಾರ್ಸಲ್. ಮೇಲೆ ಗೋಲಿ ಅಂತ ಬರೆದಿದೆ.”

ಕಾವಲಿನ ಹುಡುಗ ಅಸ್ಸಾಮಿನವನು, ಅವನ ಕನ್ನಡ ಒಂದು ವರ್ಷದ್ದು. ನನಗೆ ಗೋಲಿ ಎಂದರೆ ಮಕ್ಕಳಾಡುವ ಗಾಜಿನ ಗೋಲಿಯೇ. ಹದಿನೈದು ವರ್ಷದ ಮೊಮ್ಮಗಳಿಗೆ ಈಗ ಯಾರು ಗೋಲಿ ಕಳುಹಿಸಿದರು ಎಂದು ಯೋಚಿಸುತ್ತಲೇ ಕೆಳಗಿಳಿದೆ. ಅಲ್ಲಿ ನೋಡಿದರೆ ಪಾರ್ಸಲ್ಲನ್ನು ಬೆಂಕಿ ನಂದಿಸಲು ಇಟ್ಟಿರುವ ಮರಳಿನ ಬಕೆಟ್ಟಿನ ಮೇಲೆ ಇಟ್ಟಿದ್ದರು. ಸುತ್ತ ಏಳೆಂಟು ಜನ. ಒಬ್ಬರು ಮೊಬೈಲಿನಲ್ಲಿ ಅದರ ಚಿತ್ರ ತೆಗೆಯುತ್ತಿದ್ದರು. ಹಳದಿ ಚೀಟಿಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಏರ್ ರೈಫಲ್ ಅಮ್ಯುನಿಷನ್’ ಎಂದು ಅಚ್ಚಾಗಿತ್ತು. ಕೆಳಗೆ ನನ್ನ ಮಗಳ ಹೆಸರು, ನಮ್ಮ ಮನೆಯ ಸಂಖ್ಯೆ.

ಅದು ಏನೆಂಬುದು ನನಗೆ ಆ ಕ್ಷಣದಲ್ಲಿಯೇ ತಿಳಿಯಿತು. ಆದರೆ ಎಲ್ಲರ ಕಣ್ಣೂ ನನ್ನ ಮೇಲಿತ್ತು. ಅವರಲ್ಲೊಬ್ಬರು, “ಆಂಟಿ, ನಿಮ್ಮ ಮನೆಯಲ್ಲಿ ಗನ್ ಇದೆಯಾ?” ಎಂದು ಕೇಳಿದರು. ನನ್ನ ಬಾಯಿಂದ ಹೊರಟ ಮಾತು, “ಇಲ್ಲಪ್ಪ, ಇದು ನಮ್ಮದಲ್ಲ. ಏನೋ ತಪ್ಪಾಗಿದೆ, ವಾಪಸ್ಸು ಕಳುಹಿಸಿಬಿಡಿ.” ತಲುಪಿಸಲು ಬಂದಿದ್ದ ಹುಡುಗ ಹೆಗಲು ಕುಣಿಸಿ ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ನಾನು ಲಿಫ್ಟಿನೊಳಗೆ ಬಂದು ನಿಂತಾಗ ಕೈ ನಡುಗುತ್ತಿತ್ತು.

ಅದು ಏನು ಎಂಬುದನ್ನು ಹೇಳಿಬಿಡುತ್ತೇನೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಳಲ್ಲ, ಆ ದಿನಗಳಿಂದ ನನ್ನ ಮೊಮ್ಮಗಳಿಗೆ ಗುರಿ ಹೊಡೆಯುವ ಹುಚ್ಚು ಹಿಡಿದಿದೆ. ನಮ್ಮ ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. ಅವರು ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಗೆದ್ದ ಬೆಳ್ಳಿಯ ಸುದ್ದಿಯನ್ನು ಅವಳು ಕತ್ತರಿಸಿ ಕಪಾಟಿಗೆ ಅಂಟಿಸಿಕೊಂಡಿದ್ದಾಳೆ. ವಾರಕ್ಕೆ ನಾಲ್ಕು ದಿನ ಅಭ್ಯಾಸಕ್ಕೆ ಹೋಗುತ್ತಾಳೆ. ಹತ್ತು ಮೀಟರ್ ದೂರದ ಗುರಿಯ ನಡುವೆ ಹತ್ತು ಅಂಕದ ಚುಕ್ಕೆ ಇರುತ್ತದೆ. ಅದರ ಅಗಲ ಕೇವಲ ಅರ್ಧ ಮಿಲಿಮೀಟರ್. ನಾನು ಕನ್ನಡಕ ಹಾಕಿಕೊಂಡು ಹತ್ತಿರ ನಿಂತರೂ ಸರಿಯಾಗಿ ಕಾಣದಷ್ಟು! ಅರವತ್ತು ಹೊಡೆತ. ಒಂದು ಹೊಡೆತಕ್ಕೆ ಹೆಚ್ಚೆಂದರೆ 10.9 ಅಂಕ, ಎಲ್ಲ ಕೂಡಿದರೆ 654.

ಇದಕ್ಕೆ ಬಳಸುವುದು ಸೀಸದ ಸಣ್ಣ ಚೂರು. ಅಡ್ಡಳತೆ ನಾಲ್ಕೂವರೆ ಮಿಲಿಮೀಟರ್, ತೂಕ ಸುಮಾರು ಅರ್ಧ ಗ್ರಾಂ. ಗುಂಡು ಎನ್ನುತ್ತಾರೆಯೇ ಹೊರತು ಅದು ಗುಂಡಗೂ ಇಲ್ಲ. ನಡು ಸಣ್ಣಗಾಗಿ ಎರಡು ತುದಿ ಅಗಲವಾದ, ಥೇಟ್ ಶಿವನ ಡಮರುಗದ ಆಕಾರ. ಒಂದು ತಗಡಿನ ಡಬ್ಬಿಯಲ್ಲಿ ಐದುನೂರು. ಬಂದೂಕಿನೊಳಗೆ ಒತ್ತಿಟ್ಟ ಗಾಳಿಯೇ ಅದನ್ನು ತಳ್ಳುತ್ತದೆ.

ಇಲ್ಲಿ ಕನ್ನಡದ ಟೀಚರಾಗಿ ಒಂದು ಮಾತು. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಒಂದೇ ‘ಅಮ್ಯುನಿಷನ್’. ನಮ್ಮಲ್ಲಿ ಮದ್ದು ಬೇರೆ, ಗುಂಡು ಬೇರೆ. ಎರಡೂ ಕೂಡಿದರೆ ಮದ್ದುಗುಂಡು. ನಿಜವಾದ ಬಂದೂಕಿನ ತೋಟೆಯಲ್ಲಿ ಮದ್ದೂ ಇರುತ್ತದೆ, ಗುಂಡೂ ಇರುತ್ತದೆ. ಅದನ್ನು ಯಾರೂ ಮನೆ ಬಾಗಿಲಿಗೆ ತಂದುಕೊಡುವುದಿಲ್ಲ. ಪರವಾನಗಿ ಇದ್ದವರು ತಾವೇ ಅಂಗಡಿಗೆ ಹೋಗಿ, ಎಷ್ಟು ಕೊಂಡರೆಂಬುದನ್ನು ಪರವಾನಗಿ ಪುಸ್ತಕದಲ್ಲಿ ಬರೆಸಿ ತರಬೇಕು. ಅಂಚೆಯಲ್ಲಂತೂ ಸ್ಫೋಟಕ ವಸ್ತು ಕಳುಹಿಸುವುದೇ ನಿಷಿದ್ಧ. ಮೊಮ್ಮಗಳ ಡಬ್ಬಿಯಲ್ಲಿರುವುದು ಬರೀ ಗುಂಡು, ಮದ್ದಿನ ಲವಲೇಶವೂ ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಈ ಅಳತೆಯ, ಇಪ್ಪತ್ತು ಜೂಲ್‌ಗಿಂತ ಕಡಿಮೆ ಶಕ್ತಿಯ ಗಾಳಿ ಬಂದೂಕಿಗೆ ಪರವಾನಗಿಯೂ ಬೇಕಿಲ್ಲ. ಇಷ್ಟನ್ನೂ ಅಳಿಯಂದಿರು ನನಗೆ ಮೊದಲೇ ವಿವರಿಸಿದ್ದರು. ಅಂದರೆ ತಿಳಿಯದೆ ಹೇಳಿದ ಸುಳ್ಳೂ ಅದಲ್ಲ.

ಸಂಜೆಯ ಹೊತ್ತಿಗೆ ಚಿತ್ರ ಅಪಾರ್ಟ್‌ಮೆಂಟಿನ ವಾಟ್ಸ್‌ಆಪ್ ಗುಂಪಿಗೆ ಬಂದಿತ್ತು, ನಮ್ಮ ಮನೆಯ ಸಂಖ್ಯೆಯ ಸಹಿತ. ಪೊಲೀಸರಿಗೆ ತಿಳಿಸಬೇಕೆಂದು ಕೆಲವರು, ತಪ್ಪು ವಿಳಾಸವಂತೆ ಬಿಡಿ ಎಂದು ಕೆಲವರು. ಜನರನ್ನು ನಾನು ದೂರುವುದಿಲ್ಲ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬಿನ ಹುಸಿ ಬೆದರಿಕೆ ಬಂದಾಗ ಮಕ್ಕಳನ್ನು ಕರೆತರಲು ಓಡಿದ ತಂದೆತಾಯಿಗಳು ಇವರೇ. ಮಾರನೆಯ ವರ್ಷ ಮಾರ್ಚ್ 1ರಂದು ಇಲ್ಲೇ ಬ್ರೂಕ್‌ಫೀಲ್ಡಿನ ಉಪಾಹಾರಗೃಹವೊಂದರಲ್ಲಿ, ಯಾರೋ ಬಿಟ್ಟುಹೋದ ಚೀಲ ಮಧ್ಯಾಹ್ನದ ಊಟದ ವೇಳೆಯಲ್ಲಿ ಸಿಡಿಯಿತು. ಅಂದಿನಿಂದ ಈ ಕಡೆಯವರಿಗೆ ವಾರಸುದಾರರಿಲ್ಲದ ಚೀಲವೆಂದರೆ ಎದೆ ಝಲ್ಲೆನ್ನುತ್ತದೆ. ವಾರಸುದಾರಳಾಗಿದ್ದ ನಾನೇ ನನ್ನದಲ್ಲವೆಂದು, ಇದ್ದ ಭಯವನ್ನು ಇಮ್ಮಡಿ ಮಾಡಿದ್ದೆ.

ಮೊಮ್ಮಗಳು ಏನೂ ಅನ್ನಲಿಲ್ಲ. “ಅಜ್ಜೀ, ಶನಿವಾರ ಮ್ಯಾಚ್ ಇತ್ತು” ಎಂದಳು, ಅಷ್ಟೇ. ಒಂದೊಂದು ಬಂದೂಕಿಗೆ ಒಂದೊಂದು ಸರಣಿಯ ಗುಂಡು ಹೊಂದುತ್ತದಂತೆ. ಪರೀಕ್ಷಿಸಿ ಆರಿಸಿದ ಸರಣಿ ಅದು. ಆ ಶನಿವಾರ ಬೇರೆ ಗುಂಡಿನಲ್ಲಿ ಹೊಡೆದು 598.4 ಅಂಕ ತಂದಳು. ಎಂದಿಗಿಂತ ಹತ್ತು ಕಡಿಮೆ. ಗುಂಡಿನ ಕಾರಣವೋ, ಮನಸ್ಸಿನ ಕಾರಣವೋ, ನಾನು ಕೇಳಲಿಲ್ಲ.

ಈ ಮಧ್ಯೆ ಗೇಟಿನಲ್ಲಿ ಅಸ್ಸಾಮಿನ ಹುಡುಗ ಕಾಣಿಸಲಿಲ್ಲ. ಇನ್ನೊಬ್ಬ ಕಾವಲುಗಾರನನ್ನು ವಿಚಾರಿಸಿದೆ. ಯಾರದೆಂದು ಗೊತ್ತಿಲ್ಲದ ಮದ್ದುಗುಂಡನ್ನು ಅರ್ಧ ಗಂಟೆ ಗೇಟಿನೊಳಗೆ, ಮಕ್ಕಳು ಓಡಾಡುವ ಜಾಗದಲ್ಲಿ ಇಟ್ಟುಕೊಂಡಿದ್ದನೆಂದು ದೂರು ಹೋಗಿ, ಅವನನ್ನು ಕೆಲಸಕ್ಕೆ ಬರಬೇಡವೆಂದಿದ್ದರು. ಊರಿನಲ್ಲಿ ತಾಯಿ ಇದ್ದಾಳೆ, ಪ್ರತಿ ತಿಂಗಳು ಹಣ ಕಳುಹಿಸುತ್ತಾನೆ ಎಂಬುದು ನನಗೆ ಗೊತ್ತಿತ್ತು. ಚೀಟಿಯಲ್ಲಿದ್ದುದನ್ನು ಓದಿ, ವಿಳಾಸದಲ್ಲಿದ್ದ ಮನೆಗೆ ತಿಳಿಸಿದ್ದು ಬಿಟ್ಟರೆ ಅವನು ಮಾಡಿದ ತಪ್ಪೇನು?

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು ಕೊಡಗು. ನಿಮ್ಮಲ್ಲಿ ಕೆಲವರು ಅಲ್ಲಿಯವರೇ ಇದ್ದೀರಿ. ನನ್ನ ಮೊದಲ ನೇಮಕ 1986ರಲ್ಲಿ ವಿರಾಜಪೇಟೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಆಯಿತು. ಮಗಳಿಗೆ ಆಗ ಎರಡು ವರ್ಷ. ಕೊಡವರ ಮನೆಯೊಂದರ ಮುಂಭಾಗದ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಒಂದೇ ಸೂರು, ಒಂದೇ ಜಗಲಿ. ನಡುಮನೆಯ ಗೋಡೆಯ ಮೇಲೆ ಕೋವಿ ತೂಗುತ್ತಿತ್ತು. ತುಮಕೂರು ಕಡೆಯವಳಾದ ನಾನು ಸಿನಿಮಾದಲ್ಲಿ ಬಿಟ್ಟು ಬೇರೆಲ್ಲೂ ಕೋವಿ ಕಂಡವಳಲ್ಲ. ಆ ವರ್ಷದ ಹುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಗಾಳಿಯಲ್ಲಿ ಹಾರಿಸಿದ ಗುಂಡಿಗೆ ಬೆಚ್ಚಿ ಮಗುವನ್ನು ಅವುಚಿಕೊಂಡು ಕೂತೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಜೋಡಿ ಗುಂಡು. ಸೆಪ್ಟೆಂಬರಿನ ಕೈಲ್‌ಪೊಳ್ದಿಗೆ ಕೋವಿಗೆ ಹೂವಿಟ್ಟು ಪೂಜೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರು 1861ರಲ್ಲಿ ಕೊಟ್ಟ ವಿನಾಯಿತಿ ಇನ್ನೂ ನಡೆದುಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. ಪ್ರಶ್ನಿಸಿದ ಅರ್ಜಿಯನ್ನು ನಮ್ಮ ಹೈಕೋರ್ಟು 2021ರಲ್ಲಿ ಒಪ್ಪಲಿಲ್ಲ.

ಆದರೆ ಆ ರಾತ್ರಿ ನನಗೆ ಬೇಕಾಗಿದ್ದ ನೆನಪು ಇವು ಯಾವುದೂ ಅಲ್ಲ. ಮನೆಯ ಒಡೆಯರು ಒಂದು ದಿನ ಪೇಟೆಯಿಂದ ಬಂದವರು, ಒಳಗೆ ಹೋಗುವ ಮೊದಲು ನಮ್ಮ ಬಾಗಿಲಲ್ಲಿ ನಿಂತು ಕರೆದರು. ಕೈಯಲ್ಲಿ ಪತ್ರಿಕೆಯ ಕಾಗದದಲ್ಲಿ ಸುತ್ತಿದ ಪೊಟ್ಟಣ. ಬಿಚ್ಚಿ ತೋರಿಸಿದರು. ಕೆಂಪು ಬಣ್ಣದ ತೋಟೆಗಳು. “ಟೀಚರ್, ಕಾಡುಹಂದಿ ಗದ್ದೆಗೆ ಬರುತ್ತಿದೆ, ಬೆದರಿಸಲಿಕ್ಕೆ ತಂದಿದ್ದೇನೆ. ಒಳಕೋಣೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇನೆ, ಬೀಗದ ಕೈ ನನ್ನ ಹೆಂಡತಿಯ ಸೊಂಟದಲ್ಲಿರುತ್ತದೆ. ಮಗು ಓಡಾಡುತ್ತದಲ್ಲ, ನಿಮಗೆ ಗೊತ್ತಿರಲಿ” ಎಂದರು. ಬಾಡಿಗೆಯವಳಿಗೆ ಅವರು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಆ ಮನೆಯಲ್ಲಿ ಆರು ವರ್ಷ ಇದ್ದೆ. ಅನಂತರ ಒಂದು ದಿನವೂ ಆ ಕೋವಿಗೆ ನಾನು ಹೆದರಲಿಲ್ಲ.

ಇಲ್ಲಿ ವರ್ಷದಿಂದ ನಮ್ಮ ಮನೆಯಲ್ಲಿ ಗಾಳಿ ಬಂದೂಕಿದೆ. ಅಕ್ಕಪಕ್ಕದ ಯಾರಿಗಾದರೂ ಒಂದು ಮಾತು ಹೇಳಿದ್ದೆವೆಯೇ? ಇಲ್ಲ. ಬಾಡ್ಮಿಂಟನ್ ರಾಕೆಟ್ಟಾಗಿದ್ದರೆ ಕಂಡವರಿಗೆಲ್ಲ ತೋರಿಸುತ್ತಿದ್ದೆವೋ ಏನೋ.

ಭಾನುವಾರ ನಿವಾಸಿಗಳ ಸಂಘದ ಸಭೆ. ಮಗಳು, “ಅಮ್ಮ, ನೀನು ಬರಬೇಡ, ನಾವು ಮಾತಾಡುತ್ತೇವೆ” ಎಂದಳು. ಕೇಳದೆ ಹೋದೆ. ಎದ್ದು ನಿಂತು ಹೇಳಿದೆ: ಪಾರ್ಸಲ್ ನಮ್ಮದೇ, ನಾನು ಸುಳ್ಳು ಹೇಳಿದೆ, ಹುಡುಗನದು ತಪ್ಪಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಕನ್ನಡದಲ್ಲಿ ಹೇಳಿದ್ದನ್ನು ಮೊಮ್ಮಗಳು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತಿರುಗಿಸಿದಳು. ‘ಸುಳ್ಳು’ ಎಂಬುದನ್ನು ಅವಳು ‘ಗಾಬರಿಯಲ್ಲಿ ಹೇಳಿದ್ದು’ ಎಂದು ತಿರುಗಿಸಿದ್ದು ಗೊತ್ತಾಗಿ ತಿದ್ದಿದೆ. ಹಳೆಯ ಅಭ್ಯಾಸ! ಮದ್ದು ಬೇರೆ, ಗುಂಡು ಬೇರೆ ಎಂಬ ಪಾಠವನ್ನೂ ಮಾಡಿದೆ. ಒಂದು ಡಬ್ಬಿಯನ್ನು ಎಲ್ಲರ ಕೈಗೂ ಕೊಟ್ಟು ತೋರಿಸಬೇಕೆಂದಿದ್ದೆ; ಮೊಮ್ಮಗಳೇ ತಡೆದಳು. “ಸೀಸ ಅಜ್ಜೀ, ಮುಟ್ಟಿದರೆ ಕೈ ತೊಳೆಯಬೇಕು.”

ಆರನೆಯ ಅಂತಸ್ತಿನ ತಾಯಿಯೊಬ್ಬರಿಗೆ, ಸರಿಯಾಗಿ ನಮ್ಮ ಕೆಳಗಿನ ಮನೆಯವರಿಗೆ, ಹತ್ತು ತಿಂಗಳ ಕೂಸಿದೆ. ಆ ಮಾತು ಕೇಳಿ ಅವರು ಎದ್ದರು. ಸಿಡಿಯುವುದಿಲ್ಲ, ಸರಿ. ಆದರೆ ಸೀಸ ಎಲ್ಲಿರುತ್ತದೆ? ಬಂದೂಕು ಮನೆಯಲ್ಲಿ ಹೊಡೆಯುತ್ತೀರಾ? ಅದರ ಪುಡಿ ಎಲ್ಲಿ ಹೋಗುತ್ತದೆ? ಸಭೆಯಲ್ಲಿ ಯಾರೂ ಕೇಳದಿದ್ದ ಸರಿಯಾದ ಪ್ರಶ್ನೆಗಳು ಇವೇ ಎಂದು ನನಗೆ ಅನ್ನಿಸಿತು. ಸೀಸ ಎಳೆಯ ಮಕ್ಕಳ ಮೆದುಳಿಗೆ ಕೇಡು. ಇಷ್ಟರವರೆಗೆ ಸುರಕ್ಷಿತ ಎನ್ನುವ ಪ್ರಮಾಣವೇ ಅದಕ್ಕೆ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ 2000ರಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದದ್ದೂ ಅದಕ್ಕಾಗಿಯೇ. ನಾನು ಮದ್ದಿನ ಬಗ್ಗೆ ಅಷ್ಟು ಪಾಠ ಮಾಡಿ, ಗುಂಡಿನ ಬಗ್ಗೆ ಏನೂ ಹೇಳಿರಲಿಲ್ಲ. ಮೊಮ್ಮಗಳು ಉತ್ತರಿಸಿದಳು: ಮನೆಯಲ್ಲಿ ಹೊಡೆಯುವುದಿಲ್ಲ, ಖಾಲಿ ಬಂದೂಕಿನಲ್ಲಿ ಗುರಿ ಹಿಡಿದು ನಿಲ್ಲುವುದು ಮಾತ್ರ, ಡಬ್ಬಿ ಬೀಗದ ಪೆಟ್ಟಿಗೆಯಲ್ಲಿರುತ್ತದೆ, ಅಭ್ಯಾಸದಿಂದ ಬಂದ ತಕ್ಷಣ ಸೋಪು ಹಾಕಿ ಕೈ ಮುಖ ತೊಳೆಯುತ್ತಾಳೆ, ಆ ಬಟ್ಟೆ ಬೇರೆ ಒಗೆಯುತ್ತಾರೆ. ಆ ತಾಯಿ ಮಾರನೆಯ ಸಂಜೆ ಬಂದು ಪೆಟ್ಟಿಗೆ, ಬೀಗ ಎರಡನ್ನೂ ನೋಡಿಕೊಂಡು ಹೋದರು. ಬಂದದ್ದು ನನಗೆ ಸಂತೋಷವೇ ಆಯಿತು.

ಭಯ ಹೊಸದಲ್ಲ ಬಿಡಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳನ್ನು ನಿಮ್ಮನ್ನು ಪ್ರವಾಸ ಕರೆದೊಯ್ದಾಗ ತೋರಿಸಿದ್ದೆ. ದಪ್ಪ ಗೋಡೆ, ಅರ್ಧ ನೆಲದೊಳಗೆ. ಅವುಗಳಲ್ಲೊಂದನ್ನು ಜೋಡಿ ರೈಲುಹಳಿಗಾಗಿ 2017ರಲ್ಲಿ ಇಡಿಯಾಗಿ ಎತ್ತಿ ನೂರಾರು ಅಡಿ ಆಚೆಗೆ ಸರಿಸಿದರು. ಮದ್ದನ್ನು ಜನವಸತಿಯ ನಡುವೆ ಇಡಬಾರದೆಂಬ ತಿಳಿವಳಿಕೆ ರಾಜರಿಗೂ ಇತ್ತು.

ಮಗಳಿಗೆ ಇನ್ನೂ ಒಂದು ಅಸಮಾಧಾನ. ಮುಂದಿನ ಸಲ ಚೀಟಿಯಿಲ್ಲದೆ, ಬರೀ ‘ಕ್ರೀಡಾ ಸಾಮಗ್ರಿ’ ಎಂದು ಬರೆದು ಕಳುಹಿಸಲು ಅಂಗಡಿಯವರಿಗೆ ಹೇಳೋಣ ಎಂದಳು. ಬೇಡವೆಂದೆ. ಇಡೀ ಪ್ರಕರಣದಲ್ಲಿ ಇದ್ದುದನ್ನು ಇದ್ದಂತೆ ಹೇಳಿದ್ದು ಆ ಹಳದಿ ಚೀಟಿಯೊಂದೇ. ಈ ವಿಷಯದಲ್ಲಿ ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ. ಗೇಟಿನ ಕಪಾಟಿನಲ್ಲಿ ಇಡದೆ ನೇರವಾಗಿ ಮನೆಯವರ ಕೈಗೇ ಕೊಡಬೇಕು, ಯಾರ ಪಾರ್ಸಲ್ಲಿನ ಚಿತ್ರವನ್ನೂ ಗುಂಪಿಗೆ ಹಾಕಬಾರದು ಎಂದು ಮಾತ್ರ ಸಂಘ ತೀರ್ಮಾನಿಸಿತು.

ಹುಡುಗನನ್ನು ಮರಳಿ ಕರೆಸಲು ಎರಡು ವಾರ ಹಿಡಿಯಿತು. ಆ ಎರಡು ವಾರದ ಸಂಬಳ ಅವನಿಗೆ ಸಿಗಲಿಲ್ಲ. ನಾನು ಕೊಡಹೋದರೆ ಮೊದಲು ತೆಗೆದುಕೊಳ್ಳಲಿಲ್ಲ. ತಾಯಿಗೆ ಕಳುಹಿಸು ಎಂದಮೇಲೆ ತೆಗೆದುಕೊಂಡ. ಕಳೆದ ವಾರ ಮತ್ತೊಂದು ಡಬ್ಬಿ ಬಂದಿತು. ಇಂಟರ್‌ಕಾಂ ಎತ್ತಿದರೆ ಅವನೇ.

“ಅಮ್ಮಾ, ನಿಮ್ಮ ಗುಂಡು ಬಂತು. ಮದ್ದು ಇಲ್ಲ, ಬರೀ ಗುಂಡು. ಕೆಳಗೆ ಬನ್ನಿ, ಕೈಗೇ ಕೊಡಬೇಕು.”