ಅಜ್ಜಿ ಎತ್ತಿಟ್ಟ ಹೊಂಗೆಬೀಜ

ಬೇಸಿಗೆ ಬಂತೆಂದರೆ ಅಜ್ಜಿ ಬದುವಿನ ಹೊಂಗೆಮರಗಳ ಕೆಳಗೆ ಕಾಯಿ ಆಯುತ್ತಾಳೆ. ಒಣಗಿಸಿ, ಬಡಿದು, ಬೀಜ ಬಿಡಿಸಿ ಗಾಣಕ್ಕೆ ಕೊಟ್ಟರೆ ಎಣ್ಣೆ ದೀಪಕ್ಕೆ, ಹಿಂಡಿ ಹೊಲಕ್ಕೆ. ನನ್ನ ಪಿಎಚ್.ಡಿ. ಹೊಂಗೆಯ ಬಯೋಡೀಸೆಲ್ ಮೇಲೆ ಎಂದು ತಿಳಿದ ವರ್ಷ 20 ಕಿಲೋ ಬೀಜವನ್ನು ನನಗೆಂದೇ ಅಟ್ಟದ ಮೇಲೆ ಎತ್ತಿಟ್ಟಳು.

ಮಳೆಗಾಲ ಕಳೆದ ಮೇಲೆ ಹೋಗಿ ತಂದೆ. ಸುಮಾರು 5 ಲೀಟರ್ ಎಣ್ಣೆ ಬಂತು. ಹೊಂಗೆಯೆಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ಹಾಗೇ ಸುರಿದರೆ ಇಂಜೆಕ್ಟರ್ ಅದನ್ನು ಸಣ್ಣ ಹನಿಯಾಗಿ ಚಿಮ್ಮಿಸಲಾರದು, ಮಸಿ ಕಟ್ಟುತ್ತದೆ. ಅದಕ್ಕೇ ಮೆಥನಾಲ್, ಕ್ಷಾರ ಬೆರೆಸಿ 60 ಡಿಗ್ರಿಯಲ್ಲಿ ಕಲಕುತ್ತೇವೆ. ಗ್ಲಿಸರಿನ್ ತಳಕ್ಕಿಳಿದು ಬಯೋಡೀಸೆಲ್ ಮೇಲೆ ನಿಲ್ಲಬೇಕು. ಅಂದು ಫ್ಲಾಸ್ಕಿನ ತುಂಬ ಬಂದದ್ದು ಸೋಪು. ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಹೆಚ್ಚಿತ್ತು. ಮೊದಲೇ ಪರೀಕ್ಷಿಸದ ತಪ್ಪು ನನ್ನದು. ಅರ್ಧ ಎಣ್ಣೆ ಹಾಳಾಯಿತು.

ಉಳಿದದ್ದನ್ನು ಮೊದಲು ಸಲ್ಫ್ಯೂರಿಕ್ ಆಮ್ಲದಿಂದ ಹದಮಾಡಿ, ಆಮೇಲೆ ಕ್ಷಾರ ಹಾಕಿ 2 ಲೀಟರ್ ಬಯೋಡೀಸೆಲ್ ಪಡೆದೆ. ಅದನ್ನು ಡೀಸೆಲ್ ಮತ್ತು ಎಥೆನಾಲ್ ಜೊತೆ ಬೆರೆಸಿದೆ. ಚಳಿಗೋ ತುಸು ನೀರಿಗೋ ಎಥೆನಾಲ್, ಡೀಸೆಲ್ ಬೇರೆಯಾಗಿಬಿಡುತ್ತವೆ. ಬಯೋಡೀಸೆಲ್ ನಡುವೆ ನಿಂತು ಎರಡನ್ನೂ ಹಿಡಿದಿಡುತ್ತದೆ. ಇಂಜಿನ್ ಓಡಿತು, ಹೊಗೆ ಕಡಿಮೆಯಾಯಿತು. ಆದರೆ ಎಥೆನಾಲ್ ಒತ್ತಡಕ್ಕೆ ಬೇಗ ಹೊತ್ತಿಕೊಳ್ಳುವ ಜಾತಿಯದಲ್ಲ. ಭಾರ ಕಡಿಮೆ ಇದ್ದಾಗ ಇಂಜಿನ್ ಕಟಕಟ ಎಂದಿತು. ಅದನ್ನೂ ಬರೆದುಕೊಂಡೆ.

ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ, "ನಮ್ಮ ಪಂಪ್‌ಸೆಟ್‌ಗೆ ಹಾಕಬಹುದೇನೋ?" ಎಂದರು. ಲೆಕ್ಕ ಹೇಳಿದೆ. 5 ಎಚ್‌ಪಿ ಇಂಜಿನ್ ಪೂರ್ತಿ ಭಾರದಲ್ಲಿ ಗಂಟೆಗೆ ಲೀಟರಿಗೂ ಮೀರಿ ಕುಡಿಯುತ್ತದೆ. ಆ 2 ಲೀಟರ್ ಎರಡು ಗಂಟೆಯೂ ಬಾರದು. ಅಷ್ಟಕ್ಕೆ ಅಜ್ಜಿಯ ಒಂದು ಬೇಸಿಗೆ. ಅಪ್ಪ ಸುಮ್ಮನಾದರು.

ಅಜ್ಜಿಗೆ ಸೋಪಿನ ಸಂಗತಿ ಮುಚ್ಚಿಡಬೇಕೆಂದಿದ್ದೆ. ಆಗಲಿಲ್ಲ, ಹೇಳಿದೆ.

"ಸೂರು ಸೋರಿ ಚೀಲ ಒಂದ್ ಮಗ್ಗುಲು ನೆಂದಿತ್ತು. ಅಂಥ ಬೀಜಕ್ಕೆ ಗಾಣದೋನೂ ರೇಟು ಕಮ್ಮಿ ಮಾಡ್ತಾನೆ. ಕೇಳಿದ್ರೆ ಹೇಳ್ತಿದ್ನಲ್ಲ ಮಗಾ" ಎಂದಳು.

ಓದಿಕೊಂಡಿದ್ದೆ: ತೇವ ಹಿಡಿದು ಹಳತಾದ ಬೀಜದಲ್ಲಿ ಕೊಬ್ಬಿನಾಮ್ಲ ಏರುತ್ತದೆ ಎಂದು. ಆದರೆ ಚೀಲ ಹೊತ್ತು ತರುವಾಗ ಅಜ್ಜಿಯನ್ನು ಒಂದು ಮಾತೂ ಕೇಳಿರಲಿಲ್ಲ.

ಈಗ ನನ್ನ ದಾಖಲೆ ಪುಸ್ತಕದಲ್ಲಿ ಆಮ್ಲದ ಅಂಕಿಗೂ ಮೊದಲು ಹೊಸದೊಂದು ಕಾಲಮ್ ಇದೆ: ಬೀಜ ಆಯ್ದವರು ಏನೆಂದರು?