ಗಂಧಕ, ಸಿಂಧೂರ, ಇ.ಹೆಚ್.ಟಿ.

ಆಜರಾದಲ್ಲಿ ಮಳೆ ಹಿಡಿಯಿತೆಂದರೆ ನನ್ನ ಇ.ಹೆಚ್.ಟಿ.ಗಳಿಗೆ, ಅಂದರೆ ಹಳೆಯ ಟಿ.ವಿ.ಗಳ ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರುಗಳಿಗೆ, ರಜೆ. ತೇವ ಕೂತ ಪ್ಲಾಸ್ಟಿಕ್ಕಿನ ಮೇಲೆ 25,000 ವೋಲ್ಟು ನಿಲ್ಲುವುದಿಲ್ಲ, ಚಿರ್ರೆಂದು ಸೋರಿಹೋಗುತ್ತದೆ. ಹಳೆಯ ಕಲರ್ ಟಿ.ವಿ. ಇದ್ದ ಮನೆಯವರಿಗೆ ಆ ಸದ್ದೂ ಗೊತ್ತು, ಅದರ ಬೆನ್ನಿಗೇ ಬರುವ ಓಜೋನಿನ ವಾಸನೆಯೂ ಗೊತ್ತು. ಈ ಸಲ ಹವೆ ಒಣಗಿ, ಮೊದಲ ನೇರಳೆ ಕಿಡಿ ಎಳೆಎಳೆಯಾಗಿ ಜಿಗಿದ ಖುಷಿಯಲ್ಲೇ ಇದ್ದೆ. ಅಷ್ಟರಲ್ಲಿ ಬಡಿಗತನದ ಹುಡುಗನೊಬ್ಬ ಬಂದ. “ಕಾಕಾ, ಆ ಓವನ್ನಿನ ಟ್ರಾನ್ಸ್‌ಫಾರ್ಮರ್ ಕೊಡ್ರಿ. ಹಲಗಿ ಮ್ಯಾಲ ಮಿಂಚು ಸುಡಬೇಕಾಗೇತಿ.”

ಕೊಡಲಿಲ್ಲ. ಕೊಡುವುದೂ ಇಲ್ಲ.

ಕಿಡಿ ಹಾರಿಸುವ ಈ ಹವ್ಯಾಸದವರಲ್ಲೇ ಹಲವರು ವೋಲ್ಟು ನೋಡಿ ಅಪಾಯ ಅಳೆಯುತ್ತಾರೆ. ಟಿ.ವಿ.ಯ ಇ.ಹೆಚ್.ಟಿ. ಕಂಡರೆ ಮಾರು ದೂರ ನಿಲ್ಲುವವರು, ಮೈಕ್ರೋವೇವಿನ ‘ಬರೀ 2,000’ ವೋಲ್ಟನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಕೂರುತ್ತಾರೆ. ಇ.ಹೆಚ್.ಟಿ.ಯಿಂದ ಬರುವುದು ಕೆಲವು ಮಿಲಿಆಂಪಿಯರು, ಅದೂ ಆಟಿಕೆಯಲ್ಲ. ಓವನ್ನಿನದು ಅರ್ಧ ಆಂಪಿಯರನ್ನು ಸಲೀಸಾಗಿ ಕೊಡುತ್ತದೆ. ಅದರ ಐದನೇ ಒಂದು ಪಾಲು ಎದೆಬಡಿತ ನಿಲ್ಲಿಸಲು ಸಾಕು. ಇ.ಹೆಚ್.ಟಿ. ದೂರದಿಂದಲೇ ಸಿಡಿದು, ನಾರಿ ಎಚ್ಚರಿಸುತ್ತದೆ. ಎರಡು ಸಾವಿರ ವೋಲ್ಟು ಗಾಳಿಯಲ್ಲಿ ಒಂದು ಮಿಲಿಮೀಟರೂ ಜಿಗಿಯದು, ಮುಟ್ಟುವ ತನಕ ಸುಮ್ಮನಿರುತ್ತದೆ. ಮುಟ್ಟಿದಾಗ, ಕರೆಂಟು ಸೋರಿದರೆ ಲೈನು ಕಡಿಯುವ ಮನೆಯ ಇ.ಎಲ್.ಸಿ.ಬಿ. ಬೀಳುತ್ತದೆ ಎಂದು ನಂಬಿದವರೂ ಇದ್ದಾರೆ! ಸೆಕೆಂಡರಿ ಸುತ್ತಿನ ಕರೆಂಟು ಸೆಕೆಂಡರಿಗೇ ಮರಳುತ್ತದೆ, ಇ.ಎಲ್.ಸಿ.ಬಿ.ಗೆ ಅದರ ಸುಳಿವೇ ಹತ್ತುವುದಿಲ್ಲ. ಮರ ಸುಡುವ ಈ ಚಾಳಿಯಲ್ಲಿ ಸತ್ತವರು ಹಲವರು. ಅಮೆರಿಕದ ಮರಕಡೆಯುವವರ ಸಂಘವೇ ತನ್ನ ಕಾರ್ಯಕ್ರಮಗಳಲ್ಲಿ ಇದನ್ನು ನಿಷೇಧಿಸಿದೆ. ಇಷ್ಟು ತಿಳಿದೂ “ರಬ್ಬರ್ ಚಪ್ಪಲಿ ಹಾಕ್ಕೊಂಡ್ರ ಏನೂ ಆಗಂಗಿಲ್ರಿ” ಎಂದು ಹುಡುಗರಿಗೆ ಹೇಳಿಕೊಡುವ ಹಿರಿಯರ ಮೇಲೆ ನನಗೆ ತಡೆಯಲಾಗದ ಸಿಟ್ಟು.

ಮಿಂಚಿನ ಚಿತ್ರವೇ ಬೇಕಿದ್ದರೆ ಮರವನ್ನು ಯಾಕೆ ಸುಡಬೇಕು? 1777ರಲ್ಲಿ ಗ್ಯೋಟಿಂಗನ್ನಿನ ಭೌತವಿಜ್ಞಾನಿ ಲಿಕ್ಟೆನ್‌ಬರ್ಗ್ ಏನನ್ನೂ ಸುಡಲಿಲ್ಲ. ವಿದ್ಯುತ್ ತುಂಬಿದ ರಾಳದ ಬಿಲ್ಲೆಯ ಮೇಲೆ ಧೂಳು ತಾನಾಗಿ ನಕ್ಷತ್ರಗಳಾಗಿ ಕೂತಿದ್ದನ್ನು ಕಂಡ. ಕಾಗದ ಒತ್ತಿ ಅವನ್ನು ಎತ್ತಿಕೊಂಡ. 1938ರಲ್ಲಿ ಚೆಸ್ಟರ್ ಕಾರ್ಲ್ಸನ್ ಇದೇ ಜಾಡಿನಲ್ಲಿ ಹೋಗಿ ಝೆರಾಕ್ಸಿಗೆ ದಾರಿ ಮಾಡಿದ.

ನಾನು ಮಾಡುವುದೂ ಅದನ್ನೇ. ಅರ್ಥ್ ಮಾಡಿದ ತಗಡಿನ ಮೇಲೆ ಅಕ್ರಿಲಿಕ್ ಹಾಳೆ, ಅದರ ಮೇಲೆ ಇ.ಹೆಚ್.ಟಿ.ಯ ಒಂದೇ ಕಿಡಿ. ಎಲ್ಲ ಆರಿಸಿ, ತಂತಿ ಅರ್ಥಿಗೆ ಮುಟ್ಟಿಸಿ, ಆಮೇಲೆ ಪುಡಿ. ಗಂಧಕವನ್ನೂ ಮಾರುತಿಗೆ ಬಳಿಯುವಂಥ ಸೀಸದ ಸಿಂಧೂರವನ್ನೂ ಬೆರೆಸಿ (ಸೀಸ ವಿಷ, ಮೂಗು ಕಟ್ಟಿಕೊಳ್ಳಲೇಬೇಕು) ಇಚಲಕರಂಜಿಯ ತೆಳು ಧೋತರದ ತುಂಡಿನಿಂದ ಜರಡಿ ಹಿಡಿದರೆ, ಬಟ್ಟೆಯ ಉಜ್ಜಾಟಕ್ಕೆ ಗಂಧಕ ಋಣವಾಗುತ್ತದೆ, ಸಿಂಧೂರ ಧನವಾಗುತ್ತದೆ. ಧನ ವಿದ್ಯುತ್ತು ಬಿದ್ದಲ್ಲಿ ಹಳದಿ ಕವಲುಗಳು ಬೇರಿನಂತೆ ಹರಡುತ್ತವೆ. ಋಣ ಬಿದ್ದಲ್ಲಿ ಚಿಕ್ಕ, ದುಂಡನೆಯ ಕೆಂಪು ಬೀಸಣಿಗೆಗಳು. ಎರಡಕ್ಕೂ ಎಳ್ಳಷ್ಟೂ ಹೋಲಿಕೆಯಿಲ್ಲ. ಗಾಳಿಯಲ್ಲಿ ಎಲೆಕ್ಟ್ರಾನು ಒಂದೆಡೆ ಒಳಕ್ಕೆ, ಇನ್ನೊಂದೆಡೆ ಹೊರಕ್ಕೆ ಓಡುವುದರಿಂದ ಈ ಭೇದ.

ಕಲರ್ ಟಿ.ವಿ.ಯ ಇ.ಹೆಚ್.ಟಿ. ಒಳಗೇ ಡಯೋಡು ಕೂಡಿಸಿರುವುದರಿಂದ ಅದರಿಂದ ಧನ ಮಾತ್ರ ಸಿಗುತ್ತದೆ. ಋಣದ ಬೀಸಣಿಗೆ ಮೂಡಿಸಲು ಡಯೋಡು ಹೊರಗಿರುವ ಹಳೆಯ ಬ್ಲ್ಯಾಕ್ ಆ್ಯಂಡ್ ವೈಟ್ ಟಿ.ವಿ.ಯದೇ ಬೇಕು. ಗಡಹಿಂಗ್ಲಜದ ಗುಜರಿ ಅಂಗಡಿಯವನಿಗೆ ಹೇಳಿಟ್ಟಿದ್ದೇನೆ: ಪಿಕ್ಚರ್ ಟ್ಯೂಬು ಒಡೆದಿದ್ದರೂ ಚಿಂತೆಯಿಲ್ಲ, ತಾಮ್ರಕ್ಕೆಂದು ಸುತ್ತು ಮಾತ್ರ ಬಿಚ್ಚಬೇಡ.