ಅಲೆಯನ್ನು ಓದುವ ಕಸುಬು

ದತ್ತಾಂಶ ಸಂಗ್ರಹಿಸುವ, ಅಲೆಗಳನ್ನು ವಿಶ್ಲೇಷಿಸುವ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಅದರ ಜೊತೆಗೆ ಹೊಸ ಸೌಲಭ್ಯಗಳ ಪಟ್ಟಿಯೊಂದು ಬರುತ್ತದೆ. ಹೆಚ್ಚು ಚಾನೆಲ್, ಹೆಚ್ಚು ವೇಗ, ತಾನಾಗಿಯೇ ಅಲೆ ಗುರುತಿಸುವ ಜಾಣ್ಮೆ, ಕೈಕೆಲಸ ಕಡಿಮೆ. ಭೂಕಂಪ ವೀಕ್ಷಣೆಯ ಕಸುಬಿನಲ್ಲಿ ಇಂಥ ಬದಲಾವಣೆಗಳು ಒಂದರ ಹಿಂದೊಂದು ಬಂದದ್ದನ್ನು ನಮ್ಮ ತಲೆಮಾರು ಹತ್ತಿರದಿಂದ ಕಂಡಿದೆ. ಡ್ರಮ್ಮಿಗೆ ಸುತ್ತಿದ ಕಾಗದ ಹೋಗಿ ಟೇಪು ಬಂತು, ಟೇಪು ಹೋಗಿ ಕಂಪ್ಯೂಟರ್ ಬಂತು, ಈಗ ಕಂಪ್ಯೂಟರೇ ಅಲೆಯನ್ನು ಓದಿ ಕಂಪನದ ಜಾಗವನ್ನೂ ಪ್ರಮಾಣವನ್ನೂ ಹೇಳುತ್ತಿದೆ. ಈ ಪಯಣವನ್ನು ಹಿಂದಿರುಗಿ ನೋಡಿದಾಗ ಒಂದು ಮಾತು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಹೊಸ ಸೌಲಭ್ಯವೊಂದರ ಬೆಲೆಯನ್ನು ಅದು ಎಷ್ಟು ಕೆಲಸ ಉಳಿಸಿತು ಎನ್ನುವುದರಿಂದ ಅಳೆಯಬಾರದು. ನಾಳೆ ಬೇರೊಬ್ಬರು ಮೂಲ ಅಲೆಗೇ ಮರಳಿ ಹೋಗಿ ಹೊಸ ಪ್ರಶ್ನೆ ಕೇಳಲು ಅದು ದಾರಿ ಬಿಟ್ಟಿದೆಯೇ ಎನ್ನುವುದರಿಂದ ಅಳೆಯಬೇಕು. ಈ ಕಸುಬಿನ ದೊಡ್ಡ ಲಾಭಗಳೆಲ್ಲ ಆ ದಾರಿ ತೆರೆದಿದ್ದಾಗ ಬಂದಿವೆ, ದೊಡ್ಡ ನಷ್ಟಗಳು ಅದು ಮುಚ್ಚಿದಾಗ ಆಗಿವೆ.

ಕಾಗದದ ಕಾಲದಿಂದಲೇ ಶುರು ಮಾಡೋಣ. 1960ರ ದಶಕದ ಆರಂಭದಲ್ಲಿ ಅಮೆರಿಕ ಜಗತ್ತಿನಾದ್ಯಂತ ನೂರಕ್ಕೂ ಹೆಚ್ಚು ಕಡೆ ಒಂದೇ ಮಾದರಿಯ ಭೂಕಂಪಮಾಪಕಗಳ ಜಾಲವನ್ನು ಹರಡಿತು. ನಮ್ಮಲ್ಲಿ ಶಿಲ್ಲಾಂಗ್, ಪುಣೆ, ದೆಹಲಿ, ಕೊಡೈಕನಾಲ್‌ಗಳಲ್ಲಿ ಆ ಉಪಕರಣಗಳು ಕೂತವು. ಕತ್ತಲೆ ಕೋಣೆಯಲ್ಲಿ ತಿರುಗುವ ಡ್ರಮ್ಮಿನ ಫೋಟೋ ಕಾಗದದ ಮೇಲೆ ಬೆಳಕಿನ ಚುಕ್ಕೆಯೊಂದು ಗೆರೆ ಎಳೆಯುತ್ತಿತ್ತು. ಕಿರು ಅವಧಿಯ ಅಲೆಗಳ ಕಾಗದ ನಿಮಿಷಕ್ಕೆ 60 ಮಿಲಿಮೀಟರ್ ಸರಿಯುತ್ತಿತ್ತು, ಅಂದರೆ ಒಂದು ಸೆಕೆಂಡಿಗೆ ಒಂದು ಮಿಲಿಮೀಟರ್. ದಿನಕ್ಕೊಮ್ಮೆ ಕಾಗದ ಬದಲಿಸಿ, ತೊಳೆದು, ಒಣಗಿಸಿ, ಮೇಲೆ ಕೇಂದ್ರದ ಹೆಸರು, ತಾರೀಖು, ವರ್ಧನೆ, ಗಡಿಯಾರದ ತಿದ್ದುಪಡಿ ಬರೆಯಬೇಕಿತ್ತು. ಮೊದಲು ಬರುವ ಪಿ ಅಲೆ, ಹಿಂದೆ ಬರುವ ಎಸ್ ಅಲೆ ಎರಡನ್ನೂ ಭೂತಗನ್ನಡಿ ಹಿಡಿದು ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಓದುವುದು ಪಳಗಿದ ಕಣ್ಣಿನ ಕೆಲಸ. ಆದರೆ ಆ ಜಾಲದ ನಿಜವಾದ ಶಕ್ತಿ ಇದ್ದದ್ದು ಬೇರೆ ಕಡೆ. ಆ ಕಾಗದಗಳನ್ನೆಲ್ಲ ಫಿಲ್ಮಿಗೆ ಇಳಿಸಿ, ಕೇಳಿದ ಸಂಶೋಧಕರಿಗೆ ಪ್ರತಿ ಕಳುಹಿಸುವ ವ್ಯವಸ್ಥೆ ಇತ್ತು. ಆ ಮೂಲ ದಾಖಲೆಗಳನ್ನು ಮುಂದಿಟ್ಟುಕೊಂಡೇ 1967ರಲ್ಲಿ ಲಿನ್ ಸೈಕ್ಸ್ ಸಾಗರದ ನಡುವಣ ಏಣುಗಳ ಬಳಿಯ ಕಂಪನಗಳಲ್ಲಿ ನೆಲ ಯಾವ ದಿಕ್ಕಿಗೆ ಜಾರಿತು ಎಂಬುದನ್ನು ಲೆಕ್ಕ ಹಾಕಿ, ಭೂವಿಜ್ಞಾನಿ ಟೂಜೋ ವಿಲ್ಸನ್ ಹೇಳಿದ್ದ, ಭೂಫಲಕಗಳು ಒಂದರ ಪಕ್ಕದಲ್ಲೊಂದು ಜಾರುವ ರೂಪಾಂತರ ಸ್ತರಭಂಗಗಳು ನಿಜವೆಂದು ತೋರಿಸಿದರು. ಭೂಫಲಕಗಳ ಸಿದ್ಧಾಂತಕ್ಕೆ ಸಿಕ್ಕ ಗಟ್ಟಿ ಪುರಾವೆಗಳಲ್ಲಿ ಅದೊಂದು. ಡ್ರಮ್ಮಿನ ಬಳಿ ಕೂತು ಕಾಗದ ಬದಲಿಸಿದವರು ಆ ಪ್ರಶ್ನೆಯನ್ನು ಊಹಿಸಿರಲಿಲ್ಲ. ಅವರು ಅಲೆಯನ್ನು ಹಾಗೆಯೇ ಉಳಿಸಿದ್ದರಿಂದ ಉತ್ತರ ಸಿಕ್ಕಿತು.

ಟೇಪಿನ ಕಾಲಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. 1965ರಲ್ಲಿ ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯ ಸಹಕಾರದಿಂದ ಗೌರಿಬಿದನೂರಿನಲ್ಲಿ ಭೂಕಂಪಮಾಪಕಗಳ ಸಾಲು ತಲೆಯೆತ್ತಿತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ ಅದರ ಸೋದರ ಕೇಂದ್ರಗಳು. ಇಪ್ಪತ್ತು ಮಾಪಕಗಳು ಎರಡು ತೋಳುಗಳಾಗಿ ಬಂಡೆನೆಲದ ಮೇಲೆ ಹರಡಿಕೊಂಡಿದ್ದು, ಅವುಗಳ ಅಲೆಗಳು ಒಟ್ಟಾಗಿ ಮ್ಯಾಗ್ನೆಟಿಕ್ ಟೇಪಿಗೆ ಇಳಿಯುತ್ತಿದ್ದವು. ದೂರದ ದೇಶಗಳ ಭೂಗತ ಪರಮಾಣು ಪರೀಕ್ಷೆಗಳನ್ನು ಪತ್ತೆ ಹಚ್ಚುವುದು ಮುಖ್ಯ ಗುರಿ. ಉಪಾಯ ಸರಳವಾದದ್ದು: ಅಲೆ ಯಾವ ದಿಕ್ಕಿನಿಂದ ಬಂತೋ ಅದಕ್ಕೆ ತಕ್ಕಂತೆ ಒಂದೊಂದು ಮಾಪಕದ ದಾಖಲೆಯನ್ನು ಹಿಂದೆಮುಂದೆ ಸರಿಸಿ ಕೂಡಿದರೆ ಅಲೆ ಬಲಗೊಳ್ಳುತ್ತದೆ, ಗದ್ದಲ ಪರಸ್ಪರ ಅಳಿಯುತ್ತದೆ. ಇಪ್ಪತ್ತು ಮಾಪಕಗಳಿದ್ದರೆ ಅಲೆಗೂ ಗದ್ದಲಕ್ಕೂ ಇರುವ ಅನುಪಾತ ಸುಮಾರು ನಾಲ್ಕೂವರೆ ಪಟ್ಟು ಏರುತ್ತದೆ. ಟೇಪಿನಲ್ಲಿ ಒಂದೊಂದು ಮಾಪಕದ ಅಲೆಯೂ ಬೇರೆಬೇರೆಯಾಗಿ ಉಳಿದಿರುತ್ತಿದ್ದುದರಿಂದ, ಇಂದು ಒಂದು ದಿಕ್ಕಿಗೆ ಕೂಡಿಸಿ ನೋಡಿದ್ದನ್ನು ನಾಳೆ ಇನ್ನೊಂದು ದಿಕ್ಕಿಗೆ ಕೂಡಿಸಿ ನೋಡಬಹುದಿತ್ತು. ಅದೇ 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ವೇಗದ ಫೂರಿಯೆ ಲೆಕ್ಕದ ಹಿಂದೆಯೂ ಇದೇ ಒತ್ತಾಸೆ ಇತ್ತು. ಪರಮಾಣು ಪರೀಕ್ಷೆಗಳನ್ನು ದೂರದಿಂದ ಗುರುತಿಸುವ ಆಸಕ್ತಿಯಿಂದಲೇ ಭೌತವಿಜ್ಞಾನಿ ರಿಚರ್ಡ್ ಗಾರ್ವಿನ್, ಟ್ಯೂಕಿಯವರ ಯೋಚನೆಯನ್ನು ಐಬಿಎಂನಲ್ಲಿದ್ದ ಕೂಲಿಯವರಿಗೆ ತಲುಪಿಸಿದ್ದರು. 4096 ಬಿಂದುಗಳ ಅಲೆಯೊಂದನ್ನು ಆವರ್ತನಗಳಾಗಿ ಬಿಡಿಸಲು ಹಳೆಯ ವಿಧಾನಕ್ಕೆ ಒಂದು ಕೋಟಿ ಅರವತ್ತೇಳು ಲಕ್ಷದ ಪ್ರಮಾಣದ ಗುಣಾಕಾರ ಬೇಕಿದ್ದರೆ, ಹೊಸ ವಿಧಾನಕ್ಕೆ ಐವತ್ತು ಸಾವಿರದ ಪ್ರಮಾಣದ ಗುಣಾಕಾರ ಸಾಕಾಯಿತು. ಇಂದಿನ ಯಾವುದೇ ವಿಶ್ಲೇಷಣೆಯ ಸಾಫ್ಟ್‌ವೇರ್ ತೆರೆದರೂ ಅದರ ಎದೆಯಲ್ಲಿ ಈ ಲೆಕ್ಕವೇ ಇದೆ.

ಇಲ್ಲಿ ಮೊದಲ ಆಕ್ಷೇಪ ಹಳಬರಿಂದ ಬರುತ್ತದೆ. ಕಾಗದ ಓದುತ್ತಿದ್ದಾಗ ಕಣ್ಣಿಗಿದ್ದ ಚುರುಕು ಪರದೆ ಬಂದ ಮೇಲೆ ಹೋಯಿತು, ಗೆರೆಯ ನಡಿಗೆ ನೋಡಿಯೇ ಇದು ಹತ್ತಿರದ ಕಲ್ಲುಗಣಿಯ ಸಿಡಿತ, ಇದು ದೂರದ ಕಂಪನ ಎಂದು ಹೇಳುತ್ತಿದ್ದವರು ಈಗಿಲ್ಲ ಎಂದು ಅವರ ಕೊರಗು. ಅದರಲ್ಲಿ ಸತ್ಯವಿದೆ, ಆದರೆ ಅದು ಅರ್ಧ ಸತ್ಯ. ಕಾಗದದ ಮೇಲೆ ಓದಲಾಗುವ ಅತಿ ಚಿಕ್ಕ ಅಲೆಗೂ ಅತಿ ದೊಡ್ಡ ಅಲೆಗೂ ನಡುವಿನ ಅಂತರ ಕೆಲವು ನೂರು ಪಟ್ಟು ಮಾತ್ರ. ಹತ್ತಿರದಲ್ಲಿ ದೊಡ್ಡ ಕಂಪನವಾದರೆ ಗೆರೆಗಳು ಒಂದರ ಮೇಲೊಂದು ಹಾಯ್ದು, ಕಡೆಗೆ ಚುಕ್ಕೆ ಕಾಗದದಾಚೆಗೇ ಹೋಗಿಬಿಡುತ್ತಿತ್ತು. ಯಾವ ಅಲೆ ಅತ್ಯಂತ ಬೇಕಾಗಿತ್ತೋ ಅದೇ ಕೈಗೆ ಸಿಗುತ್ತಿರಲಿಲ್ಲ. ಅಲೆಯನ್ನು ಅಂಕಿಗಳಾಗಿ ಬದಲಿಸುವ ಇಂದಿನ 24 ಬಿಟ್ ಪರಿವರ್ತಕ ಅದರ ಎತ್ತರವನ್ನು ಲೆಕ್ಕಕ್ಕೆ ಒಂದು ಕೋಟಿ ಅರವತ್ತೇಳು ಲಕ್ಷ ಮೆಟ್ಟಿಲುಗಳಾಗಿ ಹಂಚುತ್ತದೆ. ಕೆಳಗಿನ ಕೆಲವು ಮೆಟ್ಟಿಲುಗಳು ಗದ್ದಲದಲ್ಲಿ ಮುಳುಗಿದರೂ ಸಣ್ಣ ಅದುರಾಟ ಮತ್ತು ದೊಡ್ಡ ಕಂಪನ ಎರಡೂ ಒಂದೇ ದಾಖಲೆಯಲ್ಲಿ ಉಳಿಯುತ್ತವೆ. ಜೊತೆಗೆ ಒಂದೇ ಕಾಗದವನ್ನು ಇಬ್ಬರು ಓದಿದರೆ ಪಿ ಅಲೆಯ ಗಳಿಗೆ ಬೇರೆಬೇರೆಯಾಗುತ್ತಿದ್ದುದೂ ಉಂಟು. ಹಾಗಾಗಿ ಕಾಗದಕ್ಕೆ ಮರಳಬೇಕೆಂಬ ವಾದ ನಿಲ್ಲುವುದಿಲ್ಲ. ಹಳಬರಿಂದ ಉಳಿಸಿಕೊಳ್ಳಬೇಕಾದ್ದು ಕಾಗದವನ್ನಲ್ಲ, ದಾಖಲೆಯನ್ನೂ ಅದರ ಓದನ್ನೂ ಬೇರೆಬೇರೆಯಾಗಿ ಇಡುತ್ತಿದ್ದ ಶಿಸ್ತನ್ನು.

ಆ ಶಿಸ್ತು ತಪ್ಪಿದ್ದು ಕಂಪ್ಯೂಟರ್ ಕಾಲಿಟ್ಟ ಮೊದಲ ವರ್ಷಗಳಲ್ಲಿ. 1978ರಲ್ಲಿ ರೆಕ್ಸ್ ಅಲೆನ್ ಅಲೆಯ ಆಗಮನವನ್ನು ಯಂತ್ರವೇ ಗುರುತಿಸುವ ವಿಧಾನವನ್ನು ಪ್ರಕಟಿಸಿದರು. ಈಚಿನ ಒಂದೆರಡು ಸೆಕೆಂಡಿನ ಸರಾಸರಿ ಚಲನೆಯನ್ನು ಹಿಂದಿನ ದೀರ್ಘ ಅವಧಿಯ ಸರಾಸರಿಯ ಜೊತೆ ಹೋಲಿಸಿ, ಅನುಪಾತ ಗೊತ್ತುಪಡಿಸಿದ ಮಿತಿ ದಾಟಿದರೆ ಕಂಪನ ಬಂತೆಂದು ತೀರ್ಮಾನಿಸುವ ಪದ್ಧತಿ ಎಲ್ಲೆಡೆ ಬೇರೂರಿತು. ಅದು ಒಳ್ಳೆಯ ಸಾಧನ, ಇಂದಿಗೂ ಬಳಕೆಯಲ್ಲಿದೆ. ತೊಂದರೆ ಬಂದದ್ದು ಅದನ್ನು ಬಳಸಿದ ರೀತಿಯಲ್ಲಿ. ಡಿಸ್ಕು, ಟೇಪುಗಳಿಗೆ ಆಗ ಬೆಲೆ ಹೆಚ್ಚು. ಆದ್ದರಿಂದ ಯಂತ್ರ ಕಂಪನವೆಂದು ಗುರುತಿಸಿದ ತುಣುಕನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು ಅನೇಕ ಜಾಲಗಳಲ್ಲಿ ರೂಢಿಯಾಯಿತು. ಯಾವುದು ಅಲೆ, ಯಾವುದು ಗದ್ದಲ ಎಂಬ ತೀರ್ಪು ದಾಖಲಾಗುವ ಮುನ್ನವೇ ಆಗಿಹೋಗುತ್ತಿತ್ತು. ಆ ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವೇ ಇರಲಿಲ್ಲ.

ಬಿಟ್ಟುಬಿಟ್ಟದ್ದು ಏನೆಂದು ತಿಳಿದದ್ದು ನಿರಂತರ ದಾಖಲೆ ಬಂದ ಮೇಲೆ. 1995ರ ಕೋಬೆ ಭೂಕಂಪದ ನಂತರ ಜಪಾನ್ ಕೊಳವೆಬಾವಿಗಳ ತಳದಲ್ಲಿ ಸೂಕ್ಷ್ಮ ಮಾಪಕಗಳನ್ನಿಟ್ಟು ದಟ್ಟವಾದ ಜಾಲವನ್ನು ಕಟ್ಟಿತು, ಅಲೆಗಳನ್ನು ಎಡೆಬಿಡದೆ ಉಳಿಸಿತು. ಅದನ್ನು ನೋಡುತ್ತಾ ಕಜುಶಿಗೆ ಒಬಾರ 2002ರಲ್ಲಿ, ನೈಋತ್ಯ ಜಪಾನಿನ ಆಳದಲ್ಲಿ ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುವ ಮೆಲುನಡುಕವನ್ನು ವರದಿ ಮಾಡಿದರು. ಅದಕ್ಕೆ ಚೂಪಾದ ಆರಂಭವಿಲ್ಲ, ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ದಿಢೀರನೆ ಬರುವುದನ್ನಷ್ಟೇ ಹಿಡಿಯುವ ಯಂತ್ರಕ್ಕೆ ಅದು ಬರೀ ಗದ್ದಲ. 2005ರಲ್ಲಿ ನಿಕೊಲಾಯ್ ಶಪಿರೋ, ಮಿಶೆಲ್ ಕಾಂಪಿಯೊ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಕಡಲ ಅಲೆಗಳು ನೆಲಕ್ಕೆ ಬಡಿದು ಹುಟ್ಟಿಸುವ ಸತತ ಗದ್ದಲವನ್ನೇ ತೆಗೆದುಕೊಂಡು, ಕೇಂದ್ರದಿಂದ ಕೇಂದ್ರಕ್ಕೆ ಅದನ್ನು ತಾಳೆ ನೋಡಿ, ದಕ್ಷಿಣ ಕ್ಯಾಲಿಫೋರ್ನಿಯಾದ ಭೂಚಿಪ್ಪಿನ ನಕ್ಷೆ ಬಿಡಿಸಿದರು. ಭೂಕಂಪವೇ ಆಗದೆ ಭೂಮಿಯ ಒಳಗನ್ನು ಕಂಡ ಕೆಲಸವದು. 2019ರಲ್ಲಿ ಅದೇ ಪ್ರದೇಶದ 2008ರಿಂದ 2017ರವರೆಗಿನ ನಿರಂತರ ದಾಖಲೆಯನ್ನು ಮರಳಿ ಜಾಲಾಡಿದಾಗ 18 ಲಕ್ಷಕ್ಕೂ ಹೆಚ್ಚು ಕಂಪನಗಳು ಸಿಕ್ಕವು, ಮೊದಲಿನ ಪಟ್ಟಿಗಿಂತ ಸುಮಾರು ಹತ್ತು ಪಟ್ಟು. ಅಷ್ಟೂ ಕಂಪನಗಳು ಡಿಸ್ಕಿನಲ್ಲಿ ಮೊದಲೇ ಇದ್ದವು. ಹೊಸ ಸಾಫ್ಟ್‌ವೇರ್ ಬಂದು ಅವುಗಳನ್ನು ಕಂಡಿತು, ನಿಜ. ಕಾಣಲು ಅವು ಉಳಿದಿದ್ದವು ಎನ್ನುವುದೂ ಅಷ್ಟೇ ನಿಜ.

ಅಲೆಯನ್ನು ಉಳಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಅದಕ್ಕೆ ಏನೇನು ಮಾಡಿದ್ದೇವೆ ಎಂಬ ಬರಹವೂ ಜೊತೆಗಿರಬೇಕು. ಆಧುನಿಕ ಪರಿವರ್ತಕದ ಒಳಗಿನ ಒಂದು ಬಗೆಯ ಫಿಲ್ಟರು ಅಲೆಯ ಕಾಲವನ್ನು ಹಿಂದೆ ತಳ್ಳದಿರಲೆಂದು ಎರಡೂ ಕಡೆ ಸಮನಾಗಿ ಕೆಲಸ ಮಾಡುತ್ತದೆ. ಅದರ ಫಲವಾಗಿ ಚೂಪಾದ ಪಿ ಅಲೆ ಬರುವ ಮುನ್ನವೇ ದಾಖಲೆಯಲ್ಲಿ ಸಣ್ಣ ನಡುಕವೊಂದು ಮೂಡುತ್ತದೆ. ನೆಲ ಇನ್ನೂ ಅಲುಗಿಯೇ ಇಲ್ಲ, ಆದರೂ ಯಂತ್ರ ಅದನ್ನೇ ಆರಂಭವೆಂದು ಹಿಡಿಯಬಹುದು. ಯಾವ ಫಿಲ್ಟರು ಬಳಕೆಯಾಗಿದೆ ಎಂಬ ವಿವರ ಕಡತದಲ್ಲಿದ್ದರೆ ತಪ್ಪನ್ನು ತಿದ್ದಬಹುದು, ಇಲ್ಲದಿದ್ದರೆ ಸುಳ್ಳು ನಡುಕ ಶಾಶ್ವತವಾಗಿ ನಿಜವಾಗಿಬಿಡುತ್ತದೆ. ಲೆಕ್ಕದ ವಿಧಾನಕ್ಕೂ ಈ ಮಾತು ಸಲ್ಲುತ್ತದೆ. 1998ರ ಮೇ 11ರ ಪೋಖ್ರಾನ್ ಪರಮಾಣು ಪರೀಕ್ಷೆಗಳ ಬಲದ ಬಗ್ಗೆ ಎದ್ದ ಚರ್ಚೆಯನ್ನೇ ನೋಡಿ. ಹೊರದೇಶಗಳ ಕೆಲವು ಭೂಕಂಪಶಾಸ್ತ್ರಜ್ಞರ ಅಂದಾಜು 10ರಿಂದ 15 ಕಿಲೋಟನ್, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಅಂದಾಜು 60ಕ್ಕೆ ಹತ್ತಿರ. ಸ್ಫೋಟಗಳು ಅವೇ, ನೆಲವೂ ಅದೇ. ಯಾವ ಕೇಂದ್ರಗಳ ಅಳತೆ ತೆಗೆದುಕೊಂಡರು, ಒಟ್ಟಿಗೆ ಸಿಡಿದ ಸ್ಫೋಟಗಳ ಅಲೆಗಳು ಹೇಗೆ ಬೆರೆತವೆಂದು ಎಣಿಸಿದರು, ಪ್ರಮಾಣವನ್ನು ಕಿಲೋಟನ್ನಿಗೆ ತಿರುಗಿಸಲು ಯಾವ ಶಿಲೆಗೆ ಹೊಂದುವ ಸೂತ್ರ ಬಳಸಿದರು ಎಂಬಲ್ಲಿ ದಾರಿಗಳು ಕವಲೊಡೆದವು. ಪರದೆಯ ಮೇಲೆ ಬರುವ ಒಂದೇ ಅಂಕಿ ಈ ಕವಲುಗಳನ್ನೆಲ್ಲ ಮುಚ್ಚುತ್ತದೆ. ಎರಡೂ ಕಡೆಯವರು ಅಲೆಗಳನ್ನೂ ವಿಧಾನವನ್ನೂ ಮುಂದಿಟ್ಟು ವಾದಿಸಿದ್ದರಿಂದಲೇ ಅದು ವಿಜ್ಞಾನದ ಚರ್ಚೆಯಾಯಿತು.

ಎರಡನೆಯ ಆಕ್ಷೇಪ ಹೊಸಬರದು. ಯಂತ್ರಕಲಿಕೆಯ ವಿಧಾನಗಳು ಈಗ ಪಳಗಿದ ಕಣ್ಣಿಗೆ ಸರಿಸಾಟಿಯಾಗಿ ಪಿ, ಎಸ್ ಅಲೆಗಳನ್ನು ಗುರುತಿಸುತ್ತವೆ, ಇನ್ನು ಮೂಲಕ್ಕೆ ಮರಳುವ ಗೊಡವೆ ಯಾಕೆ ಎಂದು ಅವರು ಕೇಳುತ್ತಾರೆ. ಫೇಸ್‌ನೆಟ್, ಈಕ್ಯೂ ಟ್ರಾನ್ಸ್‌ಫಾರ್ಮರ್‌ನಂಥ ಸಾಧನಗಳ ಸಾಮರ್ಥ್ಯವನ್ನು ಅಲ್ಲಗಳೆಯಲಾಗದು. ಆದರೆ ಫೇಸ್‌ನೆಟ್ ಕಲಿತದ್ದು ಎಲ್ಲಿಂದ? ಉತ್ತರ ಕ್ಯಾಲಿಫೋರ್ನಿಯಾದ ಏಳು ಲಕ್ಷಕ್ಕೂ ಹೆಚ್ಚು ದಾಖಲೆಗಳಿಂದ, ದಶಕಗಳ ಕಾಲ ವಿಶ್ಲೇಷಕರು ಕೈಯಾರೆ ಗುರುತು ಹಾಕಿಟ್ಟ ಅಲೆಗಳಿಂದ. ಆ ಗುರುತುಗಳಷ್ಟೇ ಉಳಿದು ಅಲೆಗಳು ಕಳೆದುಹೋಗಿದ್ದರೆ ಈ ಯಂತ್ರ ಹುಟ್ಟುತ್ತಲೇ ಇರಲಿಲ್ಲ. ಮೇಲಾಗಿ ಕ್ಯಾಲಿಫೋರ್ನಿಯಾದ ಎಳೆಯ, ಒಡೆದ ಶಿಲೆಯಲ್ಲಿ ಕಲಿತ ಯಂತ್ರ ನಮ್ಮ ದಖ್ಖನಿನ ಹಳೆಯ, ಗಟ್ಟಿ ಶಿಲೆಯ ಅಲೆಯನ್ನು ಎಷ್ಟು ಸರಿಯಾಗಿ ಓದುತ್ತದೆ ಎಂಬುದನ್ನು ಇಲ್ಲಿನ ಅಲೆಗಳ ಮೇಲೆಯೇ ಒರೆಹಚ್ಚಿ ನೋಡಬೇಕು. ಮೂಲ ಅಲೆಯೇ ಇಲ್ಲದಿದ್ದರೆ ಒರೆಹಚ್ಚುವುದು ಯಾವುದರ ಮೇಲೆ?

ಮೂರನೆಯ ಆಕ್ಷೇಪ ಖರ್ಚಿನದು. ಎಲ್ಲವನ್ನೂ ಉಳಿಸಲು ಜಾಗವೆಲ್ಲಿ ಎನ್ನುವ ಮಾತು ಒಂದು ಕಾಲಕ್ಕೆ ನ್ಯಾಯವಾಗಿತ್ತು, ಈಗ ಅಲ್ಲ. ಮೂರು ದಿಕ್ಕಿನ ಚಲನೆಯನ್ನು ಸೆಕೆಂಡಿಗೆ ನೂರು ಬಾರಿ ಅಳೆದು, ಒಂದೊಂದು ಅಳತೆಗೆ ನಾಲ್ಕು ಬೈಟ್ ಕೊಟ್ಟರೆ ದಿನಕ್ಕೆ ಸುಮಾರು 104 ಮೆಗಾಬೈಟ್, ವರ್ಷಕ್ಕೆ ಸುಮಾರು 38 ಗಿಗಾಬೈಟ್. ಕುಗ್ಗಿಸಿಟ್ಟರೆ ಇನ್ನೂ ಕಡಿಮೆ. ಒಂದು ಕೇಂದ್ರದ ಇಡೀ ವರ್ಷದ ದಾಖಲೆ ಅಂಗಡಿಯಲ್ಲಿ ಸಿಗುವ ಸಾಧಾರಣ ಪೆನ್ ಡ್ರೈವಿನಲ್ಲಿ ಹಿಡಿಯುತ್ತದೆ. ನಿಜವಾದ ಖರ್ಚು ಜಾಗಕ್ಕಲ್ಲ. ಮಾಪಕದ ಗುಣ, ವರ್ಧನೆ, ಗಡಿಯಾರ, ದುರಸ್ತಿಯ ತಾರೀಖುಗಳನ್ನು ತಪ್ಪದೆ ಬರೆದಿಡುವ ಮನುಷ್ಯರಿಗೆ. ಆ ಖರ್ಚನ್ನು ಉಳಿಸಹೊರಟರೆ ಕೋಟಿಗಟ್ಟಲೆ ಅಳತೆಗಳು ಅರ್ಥವಿಲ್ಲದ ಅಂಕಿಗಳಾಗಿ ಬಿದ್ದಿರುತ್ತವೆ. ಅಲೆಗಳನ್ನು ಎಲ್ಲರಿಗೂ ತೆರೆದಿಟ್ಟರೆ ಅರೆಬರೆ ತಿಳಿದವರು ಗಾಬರಿ ಹುಟ್ಟಿಸುತ್ತಾರೆ ಎಂಬ ಅಂಜಿಕೆಯೂ ಉಂಟು. ಆದರೆ 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ, 2022ರಲ್ಲಿ ಕೊಡಗು–ಸುಳ್ಯ ಗಡಿಯಲ್ಲಿ ನೆಲ ಮತ್ತೆ ಮತ್ತೆ ಅದುರಿದಾಗ ಜನ ಮನೆ ಬಿಟ್ಟು ಹೊರಗೆ ಬಂದದ್ದು ಯಾರದೋ ವಿಶ್ಲೇಷಣೆ ಓದಿ ಅಲ್ಲ. ಕಾಲಡಿಯ ನೆಲದ ಬಗ್ಗೆ ನಂಬಬಹುದಾದ ಮಾಹಿತಿ ಬೇಗ ಸಿಗದಿದ್ದಾಗಲೇ ವದಂತಿಗೆ ಬಲ ಬರುತ್ತದೆ.

ಆದ್ದರಿಂದ ಪ್ರಯೋಗಾಲಯಗಳಲ್ಲಿ, ಅಣೆಕಟ್ಟುಗಳ ಬಳಿ, ವಿಶ್ವವಿದ್ಯಾಲಯಗಳಲ್ಲಿ ಹೊಸ ಸಾಫ್ಟ್‌ವೇರ್ ಆರಿಸುವ ಹೊಣೆ ಹೊತ್ತವರಲ್ಲಿ ನನ್ನದೊಂದು ಕೋರಿಕೆ. ಸೌಲಭ್ಯಗಳ ಪಟ್ಟಿ ಓದುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಇದು ಮೂಲ ಅಲೆಯನ್ನು ಮುಟ್ಟದೆ ಉಳಿಸುತ್ತದೆಯೇ? ಅಲೆಗೆ ಮಾಡಿದ ಒಂದೊಂದು ತಿದ್ದುಪಡಿಯನ್ನೂ ಬರೆದಿಡುತ್ತದೆಯೇ? ಜಗತ್ತೆಲ್ಲ ಬಳಸುವ ತೆರೆದ ಮಾದರಿಯಲ್ಲಿ ಕಡತ ಕೊಡುತ್ತದೆಯೇ? ಈ ಕಂಪನಿ ಮುಚ್ಚಿಹೋದರೂ ಮೂವತ್ತು ವರ್ಷದ ಮೇಲೆ ಆ ಕಡತ ತೆರೆಯುತ್ತದೆಯೇ? ಈ ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಉಳಿದ ಸೌಲಭ್ಯಗಳನ್ನು ಸಂತೋಷದಿಂದ ಬಳಸಿ. ಒಂದಕ್ಕೆ ಇಲ್ಲವೆಂದು ಬಂದರೂ, ಎಷ್ಟೇ ವೇಗವಾಗಿರಲಿ, ಎಷ್ಟೇ ಜಾಣವಾಗಿರಲಿ, ಆ ಆವೃತ್ತಿಯನ್ನು ಕೊಳ್ಳಬೇಡಿ.